ಹಳೇ ರೈಲಿಗೆ ದುಡ್ಡು ಕೊಡುವವರು ಯಾರು?

ಗಡಿಯಾಚೆಯ ಕನ್ನಡಿಗರಿಗೆ ಚೆನ್ನಾಗಿ ಗೊತ್ತಿರುವ ಪುಟ್ಟ ರೈಲುಗಳು ಎರಡು. ಒಂದು ಮೇಟುಪಾಳ್ಯದಿಂದ ಕೂನೂರು ಹಾದು ಊಟಿಗೆ ಹತ್ತುವ ನೀಲಗಿರಿ ರೈಲು. ಇನ್ನೊಂದು ಮೀರಜಿನಿಂದ ಜತ್ ರೋಡ್, ಸಾಂಗೋಲೆ, ಪಂಢರಪುರ, ಕುರ್ಡುವಾಡಿ, ಬಾರ್ಶಿ ಮಾರ್ಗವಾಗಿ ಲಾತೂರಿಗೆ ಹೋಗುತ್ತಿದ್ದ ಬಾರ್ಶಿ ಲೈಟ್ ರೈಲ್ವೆ. ಬಾರ್ಶಿ ರೈಲು ಶುರುವಾದದ್ದು 1897ರಲ್ಲಿ, ನೀಲಗಿರಿಯದು 1899ರಲ್ಲಿ. ವಯಸ್ಸಿನಲ್ಲಿ ಅಂತರ ಎರಡೇ ವರ್ಷ. ಆದರೆ ನೀಲಗಿರಿಯ ರೈಲು ಇವತ್ತೂ ಹೊಗೆ ಬಿಡುತ್ತಾ ಬೆಟ್ಟ ಹತ್ತುತ್ತಿದೆ. ಬಾರ್ಶಿಯ ಪುಟ್ಟ ರೈಲಿನ ಹಳಿ ಹುಡುಕಿದರೂ ಸಿಗುವುದಿಲ್ಲ.

ಇದಕ್ಕೆ ಕಾರಣ ಜನರ ಪ್ರೀತಿಯಲ್ಲಿನ ಹೆಚ್ಚು ಕಡಿಮೆ ಅಲ್ಲ. ಆಷಾಢ ಏಕಾದಶಿಗೆ ವಿಠ್ಠಲನ ದರ್ಶನಕ್ಕೆ ಹೊರಟವರನ್ನು ತುಂಬಿಕೊಂಡು ಹೋಗುತ್ತಿದ್ದ ಬಾರ್ಶಿ ರೈಲಿನ ಮೇಲೆ ಜನರಿಗೆ ಅಕ್ಕರೆ ಕಡಿಮೆಯೇನಿರಲಿಲ್ಲ. ಒಂದಕ್ಕೆ ವರ್ಷವರ್ಷವೂ ಹಣ ಹಾಕುವವರು ಇದ್ದರು, ಇನ್ನೊಂದಕ್ಕೆ ಇರಲಿಲ್ಲ. ಹಳೆಯ ರೈಲು ಸಾಮಗ್ರಿ, ದಾಖಲೆ ಉಳಿಸುವ ಮಾತು ಬಂದಾಗಲೆಲ್ಲ ಈ ಹಣದ ಲೆಕ್ಕ ಮೊದಲು ತಿಳಿದಿರಬೇಕು.

ನೀಲಗಿರಿ ರೈಲಿಗೆ ದುಡ್ಡಿನ ತಾಪತ್ರಯ ಹುಟ್ಟಿನಿಂದಲೇ ಬಂದದ್ದು. 1885ರಲ್ಲಿ ಹುಟ್ಟಿಕೊಂಡ ಕಂಪನಿ 1891ರಲ್ಲಿ ಕೆಲಸ ಶುರುಮಾಡಿ, 1894ರಲ್ಲಿ ಬಾಗಿಲು ಹಾಕಿತು. ಆಮೇಲೆ ಬಂದ ಹೊಸ ಕಂಪನಿ ಕೂನೂರಿನವರೆಗೆ ಮಾರ್ಗ ಮುಗಿಸಿತು. ಊಟಿ ಮುಟ್ಟಿದ್ದು 1908ರಲ್ಲಿ. ಸುಮಾರು 46 ಕಿಲೋಮೀಟರಿನ ಈ ಹಾದಿ ಸಮುದ್ರಮಟ್ಟದಿಂದ 330 ಮೀಟರ್ ಎತ್ತರದಲ್ಲಿ ಹೊರಟು 2,200 ಮೀಟರ್ ಮುಟ್ಟುತ್ತದೆ. ಕಲ್ಲಾರಿನಿಂದ ಕೂನೂರಿನವರೆಗೆ ಎರಡು ಹಳಿಗಳ ನಡುವೆ ಹಲ್ಲುಗಳಿರುವ ಇನ್ನೊಂದು ಹಳಿ ಇದೆ. ಎಂಜಿನಿನ ಅಡಿಯಲ್ಲಿರುವ ಹಲ್ಲುಚಕ್ರ ಅದನ್ನು ಕಚ್ಚಿಕೊಂಡು ಮೇಲೇರುತ್ತದೆ. ಎಂಜಿನ್ ಮುಂದೆ ನಿಂತು ಎಳೆಯುವುದಿಲ್ಲ, ಹಿಂದಿನಿಂದ ಬೋಗಿಗಳನ್ನು ದೂಡುತ್ತದೆ. ಇಂಥ ರೈಲು ಭಾರತದಲ್ಲಿ ಇದೊಂದೇ.

ಇದಕ್ಕೆ ಬೇಕಾದ ಎಕ್ಸ್ ದರ್ಜೆಯ ಎಂಜಿನ್‌ಗಳನ್ನು ಕಟ್ಟಿದ್ದು ಸ್ವಿಟ್ಜರ್ಲೆಂಡಿನ ವಿಂಟರ್‌ಥೂರಿನಲ್ಲಿದ್ದ ಎಸ್‌ಎಲ್‌ಎಂ ಕಂಪನಿ. 1914ರಿಂದ 1925ರೊಳಗೆ 12 ಎಂಜಿನ್, 1952ರಲ್ಲಿ ಇನ್ನೂ 5. ಆ ಕಂಪನಿ ಈಗ ಆ ಹೆಸರಿನಲ್ಲಿ ಇಲ್ಲ. ಅಂದಮೇಲೆ ಒಂದು ಹಲ್ಲುಚಕ್ರ ಸವೆದರೆ, ಒಂದು ಸಿಲಿಂಡರ್ ಒಡೆದರೆ ಅಂಗಡಿಯಲ್ಲಿ ಸಿಗುವುದಿಲ್ಲ. ಎರಕ ಹೊಯ್ದು, ಕಡೆದು, ಕೈಯಿಂದಲೇ ಮಾಡಬೇಕು. ಸಾವಿರಾರು ಸಂಖ್ಯೆಯಲ್ಲಿ ತಯಾರಾಗುವ ಬಿಡಿಭಾಗಕ್ಕೂ ಒಂದೇ ಒಂದು ಬೇಕಾದ ಬಿಡಿಭಾಗಕ್ಕೂ ಬೆಲೆಯಲ್ಲಿ ಎಷ್ಟು ಅಂತರ ಎಂಬುದು ಹಳೆಯ ಟ್ರ್ಯಾಕ್ಟರ್ ಸಾಕಿದ ಯಾವ ರೈತನನ್ನು ಕೇಳಿದರೂ ಗೊತ್ತಾಗುತ್ತದೆ. ಮುದಿ ಎಂಜಿನ್‌ಗಳಿಗೆ ತೇಪೆ ಹಾಕಿ ಸಾಕಾದ ಮೇಲೆ ರೈಲ್ವೆಯವರು ತಿರುಚಿರಾಪಳ್ಳಿಯ ಪೊನ್ಮಲೈ ಕಾರ್ಖಾನೆಯಲ್ಲಿ ಹೊಸ ಉಗಿ ಎಂಜಿನ್‌ಗಳನ್ನೇ ಕಟ್ಟಿದರು. 2011ರಿಂದ ಎಣ್ಣೆ ಉರಿಸುವ ಎಂಜಿನ್‌ಗಳು ಬಂದವು, 2021ರಲ್ಲಿ ಕಲ್ಲಿದ್ದಲಿನದೂ ಬಂತು. ಇಪ್ಪತ್ತೊಂದನೇ ಶತಮಾನದಲ್ಲಿ ಸರಕಾರಿ ಕಾರ್ಖಾನೆಯೊಂದು ಉಗಿ ಎಂಜಿನ್ ಕಟ್ಟುವುದೆಂದರೆ ಸಣ್ಣ ಸಂಗತಿಯಲ್ಲ. ಹಣ ಬಂದದ್ದು ರೈಲ್ವೆಯ ಸ್ವಂತ ಖಜಾನೆಯಿಂದ, ಅಂದರೆ ಕೊನೆಗೆ ಬೇರೆ ರೈಲುಗಳ ಪ್ರಯಾಣಿಕರು, ಸರಕು ಸಾಗಿಸುವವರು ಕೊಟ್ಟ ದುಡ್ಡಿನಿಂದ.

2005ರಲ್ಲಿ ಯುನೆಸ್ಕೋ ಈ ರೈಲನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದೆ, ಹಾಗಾಗಿ ಹಣವೂ ಅಲ್ಲಿಂದಲೇ ಬರುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ಹಾಗೇನಿಲ್ಲ. ಪಟ್ಟಿಗೆ ಸೇರಿದ ಮಾತ್ರಕ್ಕೆ ವರ್ಷಾಶನ ಬರುವುದಿಲ್ಲ. ಯುನೆಸ್ಕೋ ಬಳಿ ಇರುವ ವಿಶ್ವ ಪರಂಪರೆ ನಿಧಿ ಬಹಳ ಚಿಕ್ಕದು, ಅದೂ ಮುಖ್ಯವಾಗಿ ಬಡ ದೇಶಗಳಿಗೆ ಮತ್ತು ತುರ್ತು ಸಂದರ್ಭಗಳಿಗೆ. ತಮಾಷೆಯೆಂದರೆ, 1999ರಲ್ಲೇ ಪಟ್ಟಿ ಸೇರಿದ ಡಾರ್ಜಿಲಿಂಗ್ ರೈಲಿಗೆ ಸಂರಕ್ಷಣಾ ಯೋಜನೆ ಬರೆದುಕೊಡಿ ಎಂದು ಭಾರತೀಯ ರೈಲ್ವೆಯೇ ಯುನೆಸ್ಕೋಗೆ ಹಣ ಕೊಡಬೇಕಾಯಿತು! ಪಟ್ಟಿಯಿಂದ ಬರುವುದು ಹೆಸರು, ಜೊತೆಗೆ ಒಂದು ಹೊಣೆ. ಇಷ್ಟ ಬಂದಂತೆ ಮುಚ್ಚಿಬಿಡಲು ಆಮೇಲೆ ಯಾರಿಗೂ ಧೈರ್ಯ ಬರುವುದಿಲ್ಲ. 2009ರ ನವೆಂಬರಿನಲ್ಲಿ ಭೂಕುಸಿತವಾಗಿ ಮಾರ್ಗ ತೀರಾ ಹಾಳಾದಾಗಲೂ ಅದನ್ನು ಮತ್ತೆ ಕಟ್ಟಿದರು. ಪಟ್ಟಿಯಲ್ಲಿಲ್ಲದ ಸಾಮಾನ್ಯ ಮಾರ್ಗವಾಗಿದ್ದರೆ ಅಷ್ಟು ಖರ್ಚು ಮಾಡುತ್ತಿದ್ದರೋ ಇಲ್ಲವೋ.

ಟಿಕೆಟ್ ಹಣದಿಂದ ಖರ್ಚು ಹುಟ್ಟುವುದಿಲ್ಲವೇ? ನಾಲ್ಕೈದು ಬೋಗಿ, ಹತ್ತುವುದಕ್ಕೆ ಐದು ಗಂಟೆಯಷ್ಟು ಹೊತ್ತು. ದಿನಕ್ಕೆ ಹೆಚ್ಚು ಸಲ ಓಡಿಸಲು ಆಗದು. 2018ರಲ್ಲಿ ದರವನ್ನು ಹಲವು ಪಟ್ಟು ಏರಿಸಿದರು. ಊಟಿ ನೋಡಲು ಬರುವವರಿಗೆ ಅದು ಹೊರೆಯಲ್ಲ. ಆದರೆ ಕೂನೂರು, ವೆಲ್ಲಿಂಗ್ಟನ್, ಲವ್‌ಡೇಲ್ ಸುತ್ತಿನ ಬಡಗರಿಗೆ, ತೋಟದ ಕೂಲಿಗಳಿಗೆ ಇದು ನಿತ್ಯದ ರೈಲೂ ಆಗಿತ್ತು. ಪರಂಪರೆಯ ಖರ್ಚನ್ನು ಪ್ರವಾಸಿಯಿಂದ ವಸೂಲು ಮಾಡುವುದು ನ್ಯಾಯ. ಊರಿನವರಿಂದ ವಸೂಲು ಮಾಡುವುದು ನ್ಯಾಯವಲ್ಲ. ಸ್ಥಳೀಯರಿಗೆ ಬೇರೆ ದರ ಇಟ್ಟರೆ ಸಮಸ್ಯೆ ಅರ್ಧ ಬಗೆಹರಿಯುತ್ತದೆ.

ಇನ್ನು ಬಾರ್ಶಿ ರೈಲು. ಎವರಾರ್ಡ್ ಕಾಲ್ತ್ರೋಪ್ ಎಂಬ ಇಂಗ್ಲಿಷ್ ಎಂಜಿನಿಯರ್ ಕಟ್ಟಿದ ಮಾರ್ಗ ಇದು. ಹಳಿಗಳ ನಡುವಿನ ಅಗಲ ಎರಡೂವರೆ ಅಡಿ. ಬಾರ್ಶಿ ಊರಿಗೆ ದೊಡ್ಡ ರೈಲು ಬರಲಿಲ್ಲವೆಂದು ಕುರ್ಡುವಾಡಿಯಿಂದ ಚಿಕ್ಕ ರೈಲನ್ನು ತಂದರು. ಕಾಲ್ತ್ರೋಪ್ ಮಾಡಿದ ಚಮತ್ಕಾರ ಏನೆಂದರೆ, ಎಂಜಿನ್ ಇರಲಿ ವ್ಯಾಗನ್ ಇರಲಿ, ಒಂದು ಅಚ್ಚಿನ ಮೇಲೆ ಐದು ಟನ್‌ಗಿಂತ ಹೆಚ್ಚು ಭಾರ ಬೀಳದಂತೆ ಎಲ್ಲವನ್ನೂ ರೂಪಿಸಿದ್ದು. ಇದರಿಂದ ತೆಳು ಹಳಿಯ ಮೇಲೂ ಭಾರೀ ಸರಕು ಸಾಗಿತು. ಇಲ್ಲಿಗೆ ಕಳಿಸುವ ಮುಂಚೆ ಇಂಗ್ಲೆಂಡಿನ ಲೀಡ್ಸ್ ಬಳಿಯ ನ್ಯೂಲೇಯಲ್ಲಿ ಹಳಿ ಹಾಕಿ ಇದನ್ನೆಲ್ಲ ಓಡಿಸಿ ತೋರಿಸಿದ್ದ. ಬಾರ್ಶಿಯ ಮಾದರಿಯಲ್ಲೇ ಮುಂದೆ 1904ರಲ್ಲಿ ಇಂಗ್ಲೆಂಡಿನ ಸ್ಟ್ಯಾಫರ್ಡ್‌ಶೈರಿನಲ್ಲಿ ಲೀಕ್ ಅಂಡ್ ಮ್ಯಾನಿಫೋಲ್ಡ್ ಎಂಬ ರೈಲು ಬಂತು. ನಮ್ಮ ಕಡೆಯ ರೈಲನ್ನು ನೋಡಿ ಇಂಗ್ಲೆಂಡಿನಲ್ಲಿ ರೈಲು ಕಟ್ಟಿದ ಅಪರೂಪದ ಪ್ರಸಂಗ ಇದು.

ಬಾರ್ಶಿ ಮಾರ್ಗ 1906ರಲ್ಲಿ ಪಂಢರಪುರಕ್ಕೂ 1911ರಲ್ಲಿ ಲಾತೂರಿಗೂ 1927ರಲ್ಲಿ ಮೀರಜಿಗೂ ಮುಟ್ಟಿ, ಒಟ್ಟು 325 ಕಿಲೋಮೀಟರ್ ಆಯಿತು. 1954ರಲ್ಲಿ ಸರಕಾರ ಅದನ್ನು ಕೊಂಡಿತು. 2001ರಿಂದ ಹತ್ತು ವರ್ಷಗಳ ಒಳಗೆ ತುಂಡುತುಂಡಾಗಿ ಬ್ರಾಡ್‌ಗೇಜ್ ಮಾಡಿದರು. ಅದು ತಪ್ಪೆಂದು ಯಾರೂ ಹೇಳಲಾರರು. ಬ್ರಾಡ್‌ಗೇಜ್ ಬಂದದ್ದರಿಂದ ದೂರದೂರುಗಳಿಗೆ ನೇರ ರೈಲು ಸಿಕ್ಕಿತು. ಆದರೆ ಹಳಿ ಬದಲಿಸಲು ಬಂದ ಹಣದಲ್ಲಿ ಹಳೆಯದನ್ನು ಕಾಪಾಡಲು ಒಂದು ಬಾಬತ್ತು ಇಡಬೇಕು ಎಂಬ ನಿಯಮ ಇದ್ದಿದ್ದರೆ? ಕೋಟಿಗಟ್ಟಲೆ ಕಾಮಗಾರಿಯಲ್ಲಿ ಅದು ಲೆಕ್ಕಕ್ಕೇ ಬರುತ್ತಿರಲಿಲ್ಲ. ಮಹಾರಾಷ್ಟ್ರದ ನ್ಯಾರೋಗೇಜ್ ಮ್ಯೂಸಿಯಂ 2002ರಲ್ಲಿ ಆದದ್ದು ನಾಗಪುರದಲ್ಲಿ. ಜತ್ತಿನವರು ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗಿ ತೋರಿಸುವುದು ಆಗುವ ಮಾತೇ? ಕುರ್ಡುವಾಡಿಯ ಹಳೆಯ ರೈಲ್ವೆ ಕಾರ್ಖಾನೆಯಂತೂ ಮಾಥೆರಾನಿನ ಪುಟ್ಟ ರೈಲಿನ ಎಂಜಿನ್, ಬೋಗಿಗಳನ್ನು ರಿಪೇರಿ ಮಾಡಿದ ಜಾಗ. ಸಣ್ಣ ಹಳಿಯ ಕೈಕೆಲಸ ಈ ಭಾಗಕ್ಕೆ ಹೊಸದಲ್ಲ.

ಹಾಗಿದ್ದರೆ ಊರಿನವರು ಒಂದು ಹಳೆಯ ಎಂಜಿನ್ ತಂದು ನಿಲ್ಲಿಸಿದರೆ ಆಯಿತಲ್ಲ ಎನ್ನಬಹುದು. ಇಲ್ಲೇ ಎಲ್ಲರೂ ಎಡವುವುದು. ಎಂಜಿನ್ ತಂದು ಕಟ್ಟೆಯ ಮೇಲೆ ನಿಲ್ಲಿಸಿ, ಬಣ್ಣ ಹೊಡೆದು, ರಿಬ್ಬನ್ ಕತ್ತರಿಸುವ ಖರ್ಚು ಒಂದೇ ದಿನದ್ದು. ಆಮೇಲೆ ಮಳೆ ಬರುತ್ತದೆ. ಬಾಯ್ಲರಿನ ಮೇಲಿನ ತಗಡಿನ ಒಳಗೆ ನೀರಿಳಿದು ಕಾಣದಂತೆ ತುಕ್ಕು ಹಿಡಿಯುತ್ತದೆ. ಹೊಗೆಪೆಟ್ಟಿಗೆಯಲ್ಲಿ ಉಳಿದ ಮಸಿ, ಬೂದಿಗೆ ನೀರು ಸೇರಿದರೆ ಗಂಧಕದ ಆಮ್ಲವಾಗಿ ಕಬ್ಬಿಣವನ್ನು ತಿನ್ನುತ್ತದೆ. ಹೊರಗೆ ಬಣ್ಣ ಮಿರಮಿರ, ಒಳಗೆ ಟೊಳ್ಳು. ಹಳೆಯ ಎಂಜಿನ್‌ಗಳ ಬಾಯ್ಲರಿಗೆ ಸುತ್ತಿದ ಕಲ್ನಾರು ಪುಡಿಯಾದರೆ ಶ್ವಾಸಕೋಶಕ್ಕೆ ಅಪಾಯ, ಅದನ್ನು ತೆಗೆಯಲು ತಿಳಿದವರೇ ಬೇಕು. ಆದ್ದರಿಂದ ದುಡ್ಡು ಸ್ವಲ್ಪವೇ ಇದ್ದರೆ ಬಣ್ಣಕ್ಕಿಂತ ಮೊದಲು ಮಾಡಿಸಬೇಕಾದದ್ದು ಒಂದು ಮಾಡು. ತಗಡಿನದಾದರೂ ಸರಿ.

ಈ ದುಡ್ಡು ಬರುವ ಬಾಗಿಲುಗಳಲ್ಲಿ ಈಗ ಜನ ಹೆಚ್ಚು ಹೇಳುವುದು ಕಂಪನಿಗಳ ಸಿಎಸ್‌ಆರ್ ಹಣ. 2013ರ ಕಂಪನಿ ಕಾಯ್ದೆಯ ಪ್ರಕಾರ ವರ್ಷಕ್ಕೆ 5 ಕೋಟಿ ರೂಪಾಯಿ ನಿವ್ವಳ ಲಾಭ, ಇಲ್ಲವೇ 1,000 ಕೋಟಿ ವಹಿವಾಟು, ಇಲ್ಲವೇ 500 ಕೋಟಿ ನಿವ್ವಳ ಆಸ್ತಿ ಇರುವ ಕಂಪನಿ ತನ್ನ ಮೂರು ವರ್ಷದ ಸರಾಸರಿ ಲಾಭದ ಶೇಕಡಾ 2ನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. ರಾಷ್ಟ್ರೀಯ ಪರಂಪರೆಯ ರಕ್ಷಣೆಯೂ ಆ ಕೆಲಸಗಳ ಪಟ್ಟಿಯಲ್ಲಿದೆ. ಕಂಪನಿ ಇರುವ ಊರಿನ ಆಸುಪಾಸಿಗೆ ಆದ್ಯತೆ ಕೊಡಬೇಕೆಂದೂ ಕಾಯ್ದೆ ಹೇಳುತ್ತದೆ. ಆದರೆ ಸೊಲ್ಲಾಪುರದ ಕಡೆಯವರು ಒಂದು ಮಾತು ನೆನಪಿಡಬೇಕು. ಇದು ಕಂಪನಿಗಳಿಗೆ ಮಾತ್ರ. ಸಹಕಾರಿ ಸಕ್ಕರೆ ಕಾರ್ಖಾನೆಗೆ ಈ ಕಾಯ್ದೆ ಅನ್ವಯಿಸದು, ಅದರ ಬಾಗಿಲು ತಟ್ಟುವುದಾದರೆ ಬೇರೆ ರೀತಿಯಲ್ಲಿ ಕೇಳಬೇಕು. ಹಣ ಪಡೆಯುವ ಟ್ರಸ್ಟ್ ಅಥವಾ ಸಂಘ ಆದಾಯ ತೆರಿಗೆಯ 12ಎ, 80ಜಿ ನೋಂದಣಿ ಮಾಡಿಸಿರಬೇಕು. 2021ರ ಏಪ್ರಿಲಿನಿಂದ ಕೇಂದ್ರದ ಕಾರ್ಪೊರೇಟ್ ಸಚಿವಾಲಯದಲ್ಲಿ ಸಿಎಸ್‌ಆರ್-1 ನಮೂನೆಯನ್ನೂ ಸಲ್ಲಿಸಿರಬೇಕು. ಗಣಪತಿ ಮಂಡಳಿಯಂತೆ ನಾಲ್ಕು ಜನ ಸೇರಿ ರಸೀದಿ ಪುಸ್ತಕ ಹಿಡಿದರೆ ಆಗದು.

ಇನ್ನೊಂದು ತೊಡಕು ಅವಧಿಯದು. ಸಿಎಸ್‌ಆರ್ ಯೋಜನೆ ಶುರುವಾದ ವರ್ಷ ಬಿಟ್ಟು ಮೂರು ವರ್ಷದೊಳಗೆ ಮುಗಿಯಬೇಕು. ಮಾಡು ಕಟ್ಟಲು ಅದು ಸಾಕು. ಐದನೇ ವರ್ಷದ ಕಾವಲುಗಾರನ ಸಂಬಳಕ್ಕೆ ಎಲ್ಲಿಂದ ತರುವುದು? 1996ರಲ್ಲಿ ಕೇಂದ್ರ ಸಂಸ್ಕೃತಿ ಇಲಾಖೆ ಸ್ಥಾಪಿಸಿದ ರಾಷ್ಟ್ರೀಯ ಸಂಸ್ಕೃತಿ ನಿಧಿಯಲ್ಲಿ ದಾನಿ ಇಂಥದ್ದೇ ಕೆಲಸಕ್ಕೆ ಎಂದು ಗೊತ್ತುಮಾಡಿ ಹಣ ಕೊಡಬಹುದು, ಅದಕ್ಕೆ ತೆರಿಗೆ ವಿನಾಯಿತಿಯೂ ಇದೆ. ಆದರೆ ಅಲ್ಲಿಯೂ ಕಾಮಗಾರಿಯ ಲೆಕ್ಕವೇ ಹೆಚ್ಚು. ನಿತ್ಯದ ಖರ್ಚಿಗೆ ಇಡುಗಂಟು ಬೇಕು, ಇಲ್ಲವೇ ತಿಂಗಳು ತಿಂಗಳು ಚಿಲ್ಲರೆ ಹಣ ಕೊಡುವ ನೂರಾರು ಜನ ಬೇಕು.

ಚಿಲ್ಲರೆ ಹಣದಿಂದ ಏನಾಗುತ್ತದೆ ಎನ್ನುವವರಿಗೆ ಬ್ರಿಟನ್ನಿನ ಟಾರ್ನೇಡೊ ಎಂಬ ಎಂಜಿನಿನ ಕತೆ ಹೇಳಬೇಕು. ಪೆಪ್ಪರ್‌ಕಾರ್ನ್ ಎ1 ಎಂಬ ದರ್ಜೆಯ 49 ಉಗಿ ಎಂಜಿನ್‌ಗಳು ಅಲ್ಲಿದ್ದವು. 1966ರೊಳಗೆ ಒಂದನ್ನೂ ಬಿಡದೆ ಎಲ್ಲವನ್ನೂ ಗುಜರಿಗೆ ಹಾಕಿದರು. 1990ರಲ್ಲಿ ಕೆಲವರು ಒಂದು ಟ್ರಸ್ಟ್ ಕಟ್ಟಿ ಐವತ್ತನೆಯದನ್ನು ಹೊಸದಾಗಿ ಕಟ್ಟುತ್ತೇವೆಂದು ಹೊರಟರು. ವಾರಕ್ಕೆ ಒಂದು ಗ್ಲಾಸ್ ಬಿಯರಿನ ಬೆಲೆ ಕೊಡಿ ಎಂದು ಜನರನ್ನು ಕೇಳಿದರು. ನಮ್ಮಲ್ಲಾದರೆ ಎರಡು ಕಪ್ ಚಹಾ ಎನ್ನಬಹುದೇನೋ. ಹದಿನೆಂಟು ವರ್ಷ ಹಿಡಿಯಿತು, ಸುಮಾರು 30 ಲಕ್ಷ ಪೌಂಡ್ ಖರ್ಚಾಯಿತು. 2008ರಲ್ಲಿ ಎಂಜಿನ್ ಓಡಿತು. ದೊಡ್ಡ ಮೊತ್ತಕ್ಕಿಂತ ತಪ್ಪದೆ ಬರುವ ಮೊತ್ತ ಅಲ್ಲಿ ಕೆಲಸ ಮಾಡಿತು.

ಆದರೆ ಹಣಕ್ಕಿಂತ ಮೊದಲು ಅವರ ಕೈಯಲ್ಲಿದ್ದದ್ದು ಕಾಗದ. ಎಂಜಿನ್‌ಗಳನ್ನು ಮುರಿದು ಹಾಕಿದರೂ ಅವುಗಳ ನಕ್ಷೆಗಳು ಯಾರ್ಕ್ ನಗರದ ರಾಷ್ಟ್ರೀಯ ರೈಲ್ವೆ ಮ್ಯೂಸಿಯಂನಲ್ಲಿ ಉಳಿದಿದ್ದವು. ನಕ್ಷೆ ಇದ್ದದ್ದರಿಂದ ಎಂಜಿನ್ ಮರಳಿ ಹುಟ್ಟಿತು. ನಕ್ಷೆ ಇಲ್ಲದಿದ್ದರೆ ಸವೆದ ಭಾಗವನ್ನೇ ಅಳೆದು ಹೊಸದು ಮಾಡಬೇಕು, ಸವೆದದ್ದು ತನ್ನ ಮೂಲ ಅಳತೆಯನ್ನು ಹೇಳುವುದಿಲ್ಲ. ಕಬ್ಬಿಣಕ್ಕೆ ಲಕ್ಷ ಕೊಡುವ ದಾನಿ ಕಾಗದಕ್ಕೆ ಸಾವಿರ ಕೊಡಲು ಹಿಂದೆಮುಂದೆ ನೋಡುತ್ತಾನೆ, ಯಾಕೆಂದರೆ ಕಾಗದದ ಪಕ್ಕ ನಿಂತರೆ ಫೋಟೊ ಚೆನ್ನಾಗಿ ಬರುವುದಿಲ್ಲ. ಅಸಲಿಗೆ ಕಡಿಮೆ ದುಡ್ಡಿನಲ್ಲಿ ಹೆಚ್ಚು ಉಳಿಯುವುದು ಕಾಗದವೇ.

ರೈಲ್ವೆ ಕಚೇರಿಗಳ ಕಡತಗಳಿಗೆ 1993ರ ಸಾರ್ವಜನಿಕ ದಾಖಲೆಗಳ ಕಾಯ್ದೆ ಇದೆ. ದಾಖಲೆಯನ್ನು ಪರಿಶೀಲಿಸದೆ ನಾಶ ಮಾಡುವಂತಿಲ್ಲ, 1892ಕ್ಕಿಂತ ಹಿಂದಿನದನ್ನಂತೂ ತೀರಾ ಹಾಳಾಗದ ಹೊರತು ಮುಟ್ಟುವಂತಿಲ್ಲ. ಕಾಯ್ದೆ ಏನೋ ಇದೆ, ಗೆದ್ದಲಿಗೆ ಓದಲು ಬರುವುದಿಲ್ಲ. ಕಾಯ್ದೆಯ ಕೈಗೆ ಸಿಗದ ಕಾಗದಗಳೂ ಇವೆ. ಬಾರ್ಶಿ ಕಂಪನಿ 1895ರಲ್ಲಿ ಲಂಡನ್ನಿನಲ್ಲಿ ನೋಂದಣಿಯಾದದ್ದು, ಆಡಳಿತ ಮಂಡಳಿಯೂ ಅಲ್ಲೇ ಇತ್ತು. ಇತ್ತ ಗ್ಯಾಂಗ್‌ಮ್ಯಾನ್, ಫೈರ್‌ಮನ್, ಸ್ಟೇಷನ್ ಮಾಸ್ತರರ ಮನೆಗಳ ಟ್ರಂಕಿನಲ್ಲಿ ವೇಳಾಪಟ್ಟಿ, ದಪ್ಪ ರಟ್ಟಿನ ಟಿಕೆಟ್, ನೌಕರಿಯ ಪುಸ್ತಕ, ನಿವೃತ್ತಿಯ ದಿನ ಎಂಜಿನಿನ ಮುಂದೆ ತೆಗೆಸಿದ ಫೋಟೊ ಇರಬಹುದು. ಇಪ್ಪತ್ತನೇ ಶತಮಾನದ ಇಂಥ ದಾಖಲೆಗಳನ್ನು ಡಿಜಿಟಲ್ ಮಾಡಿಸಲು ಅಮೆರಿಕದ ಯುಸಿಎಲ್‌ಎ ವಿಶ್ವವಿದ್ಯಾಲಯ 2018ರಲ್ಲಿ ಒಂದು ಅನುದಾನ ಯೋಜನೆ ಶುರುಮಾಡಿತು. ಇಂಥ ಅನುದಾನಕ್ಕೆ ಅರ್ಜಿ ಹಾಕಲು ಏನೇನು ಇದೆ, ಎಷ್ಟಿದೆ, ಯಾವ ಸ್ಥಿತಿಯಲ್ಲಿದೆ ಎಂಬ ಪಟ್ಟಿ ಬೇಕು. ಆ ಪಟ್ಟಿ ಮಾಡಲು ಒಂದು ನೋಟ್‌ಬುಕ್, ಎರಡು ಭಾಷೆ ಓದಬಲ್ಲ ಒಬ್ಬ ಮೇಷ್ಟ್ರು ಇದ್ದರೆ ಸಾಕು.

ಮನೆಯಲ್ಲಿ ಇಂಥದ್ದೇನಾದರೂ ಇದ್ದರೆ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದಿಡಬೇಡಿ, ಬೆವರಿ ಬೂಸಲು ಹಿಡಿಯುತ್ತದೆ. ನೀಲಿ ಬಣ್ಣದ ಹಳೆಯ ನಕ್ಷೆಯನ್ನು ಗೋಡೆಗೆ ತೂಗುಹಾಕಬೇಡಿ, ಬೆಳಕಿಗೆ ಮಾಸಿಹೋಗುತ್ತದೆ. ಫೋಟೊದಲ್ಲಿ ಯಾರಿದ್ದಾರೆ, ಯಾವ ಸ್ಟೇಷನ್, ಯಾವ ವರ್ಷ ಎಂಬುದನ್ನು ಹೇಳಬಲ್ಲ ಹಿರಿಯರು ಇರುವಾಗಲೇ ಕೇಳಿ, ಬೇರೆ ಚೀಟಿಯಲ್ಲಿ ಬರೆದಿಡಿ. ಮ್ಯೂಸಿಯಂಗೋ ಗ್ರಂಥಾಲಯಕ್ಕೋ ಕೊಡುವುದಾದರೆ ಮೊದಲು ಒಂದು ಪ್ರತಿ ತೆಗೆದಿಟ್ಟುಕೊಳ್ಳಿ, ಕೊಟ್ಟದ್ದಕ್ಕೆ ಬರಹದಲ್ಲಿ ಸ್ವೀಕೃತಿ ಕೇಳಿ ಪಡೆಯಿರಿ. ಮೈಸೂರಿನಲ್ಲಿ 1979ರಿಂದ, ಹುಬ್ಬಳ್ಳಿಯಲ್ಲಿ 2020ರಿಂದ ರೈಲ್ವೆ ಮ್ಯೂಸಿಯಂ ಇದೆ. ಸೊಲ್ಲಾಪುರ, ಅಕ್ಕಲಕೋಟೆ ಕಡೆಯವರಿಗೆ ಹುಬ್ಬಳ್ಳಿ ನಾಗಪುರಕ್ಕಿಂತ ಹತ್ತಿರ.