ನಕ್ಷತ್ರದಿಂದ ಬೆಳಕು ಹೊರಬೀಳುವ ಲೆಕ್ಕ

1980ರ ಫೆಬ್ರವರಿ 16ರ ಮಧ್ಯಾಹ್ನ ಚಂದ್ರನ ನೆರಳು ಅರಬ್ಬಿ ಸಮುದ್ರ ದಾಟಿ ಕಾರವಾರ–ಅಂಕೋಲಾ ಕರಾವಳಿಗೆ ಬಂತು. ಖಗ್ರಾಸ ಸೂರ್ಯಗ್ರಹಣದ ಹೊತ್ತಿನಲ್ಲಿ ಸೂರ್ಯನ ಪ್ರಖರ ಬಿಂಬ ಮರೆಯಾಗಿ ಅಂಚಿನಲ್ಲಿ ಕೆಂಪು ವರ್ಣಗೋಳವೂ ಅದರಾಚೆ ಬಿಳಿಯ ಕರೋನಾವೂ ತೋರುತ್ತವೆ. ಸೂರ್ಯನಿಗೂ ವಾತಾವರಣವಿದೆ ಎಂಬುದು ಆಗ ಕಣ್ಣಿಗೇ ಕಾಣುತ್ತದೆ.

ದೂರದ ನಕ್ಷತ್ರಗಳಲ್ಲಿ ಈ ಅನುಕೂಲವಿಲ್ಲ. ನಮಗೆ ಸಿಗುವುದು ಅವುಗಳ ರೋಹಿತ, ಅದರೊಳಗಿನ ಕಪ್ಪು ಗೆರೆಗಳು. ಅವುಗಳಿಂದ ಉಷ್ಣತೆ, ಒತ್ತಡ, ಧಾತುಗಳ ಪ್ರಮಾಣ ತಿಳಿಯಬೇಕಾದರೆ ಬೆಳಕು ನಕ್ಷತ್ರದ ವಾತಾವರಣದ ಪದರಗಳನ್ನು ದಾಟಿದ ಬಗೆಯನ್ನು ಲೆಕ್ಕ ಹಾಕಬೇಕು.

ತೊಡಕು ಇರುವುದು ಇಲ್ಲಿ. ಒಂದು ಪದರ ಎಷ್ಟು ಬೆಳಕು ಸೂಸುತ್ತದೆ ಎಂಬುದು ಅಲ್ಲಿಗೆ ಬಂದು ಬಿದ್ದ ಬೆಳಕನ್ನು ಅವಲಂಬಿಸುತ್ತದೆ. ಆ ಬೆಳಕು ಬಂದದ್ದು ಉಳಿದ ಪದರಗಳಿಂದ. ಅಂಕೋಲೆಯ ಬಂಡಿಹಬ್ಬದ ಜನಜಂಗುಳಿಯ ನಡುವೆ ನಿಂತವರು ಸುತ್ತಲಿನವರು ಸರಿದಷ್ಟೇ ಸರಿಯಬಲ್ಲರು; ಅಂಚಿನವರು ಮಾತ್ರ ಹೊರಬೀಳುತ್ತಾರೆ. ಬೆಳಕಿನ ಕಣಗಳಾದ ಫೋಟಾನುಗಳ ಪಾಡೂ ಅದೇ.

ಒಂದು ಅಂದಾಜಿನಿಂದ ಹೊರಟು, ಬಂದ ಉತ್ತರವನ್ನೇ ಮತ್ತೆ ಒಳಗಿಟ್ಟು ತಿದ್ದುತ್ತ ಹೋಗುವುದು ಸರಳ ದಾರಿ. ಆದರೆ ದಟ್ಟ ಪದರಗಳಲ್ಲಿ ಒಂದು ಸುತ್ತಿನ ತಿದ್ದುಪಡಿ ಬಹಳ ದೂರ ತಲುಪುವುದಿಲ್ಲ. ಉತ್ತರ ಬದಲಾಗುವುದು ನಿಂತಂತೆ ತೋರಿದರೂ ನಿಜ ಇನ್ನೂ ದೂರವಿರುತ್ತದೆ. 1973ರಲ್ಲಿ ವಿಜ್ಞಾನಿ ಕ್ಯಾನನ್ ಇದಕ್ಕೊಂದು ಉಪಾಯ ಕೊಟ್ಟರು: ಸಮಸ್ಯೆಯ ಸುಲಭವಾದ ಅಂದಾಜು ರೂಪವನ್ನು ನೇರವಾಗಿ ಬಿಡಿಸಿ, ಉಳಿದ ವ್ಯತ್ಯಾಸವನ್ನಷ್ಟೇ ಸುತ್ತುಸುತ್ತಾಗಿ ತಿದ್ದುವುದು. ಓಲ್ಸನ್, ಔವರ್, ಬುಖ್ಲರ್ 1986ರಲ್ಲಿ ಅದನ್ನು ಇನ್ನಷ್ಟು ಹಗುರಗೊಳಿಸಿದರು.

ಬೆಂಗಳೂರಿನ ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆಯಲ್ಲಿ ದುಡಿದ ಎ. ಪೆರಯ್ಯ ನಡೆದದ್ದು ಇನ್ನೊಂದು ದಾರಿಯಲ್ಲಿ. ಸೂರ್ಯನ ಬೆಳಕು ಹೊರಬೀಳುವ ಪದರವಾದ ದ್ಯುತಿಗೋಳದ ದಪ್ಪ ಕೆಲವೇ ನೂರು ಕಿ.ಮೀ.; ಸುಮಾರು 7 ಲಕ್ಷ ಕಿ.ಮೀ. ತ್ರಿಜ್ಯದ ಮುಂದೆ ಅದನ್ನು ಸಪಾಟೆಂದು ಎಣಿಸಬಹುದು. ಉಬ್ಬಿದ ದೈತ್ಯ ನಕ್ಷತ್ರಗಳಲ್ಲಿ ಹಾಗೆ ಎಣಿಸಿದರೆ ಲೆಕ್ಕ ತಪ್ಪುತ್ತದೆ. 1973ರಲ್ಲಿ ಪೆರಯ್ಯ ಮತ್ತು ಅವರ ಸಹಲೇಖಕ ಗ್ರಾಂಟ್ ವಾತಾವರಣವನ್ನು ಗೋಳಾಕಾರದ ಚಿಪ್ಪುಗಳಾಗಿ ಸೀಳಿದರು. ಪ್ರತಿ ಚಿಪ್ಪು ಎಷ್ಟು ಬೆಳಕನ್ನು ಹಿಂದಿರುಗಿಸುತ್ತದೆ, ಎಷ್ಟನ್ನು ಮುಂದೆ ಬಿಡುತ್ತದೆ ಎಂದು ಕಂಡುಕೊಂಡು, ಚಿಪ್ಪಿಗೆ ಚಿಪ್ಪು ಕೂಡಿಸಿ ಇಡೀ ವಾತಾವರಣದ ಉತ್ತರ ಪಡೆದರು.

ಈ ವಿಧಾನಕ್ಕೊಂದು ನಿಷ್ಠುರ ಪರೀಕ್ಷೆಯುಂಟು. ಬೆಳಕನ್ನು ಹೀರದೆ ಬರೀ ಚದುರಿಸುವ ವಾತಾವರಣದಲ್ಲಿ ಒಳಹೊಕ್ಕ ಶಕ್ತಿಯೂ ಹೊರಬಂದ ಶಕ್ತಿಯೂ ಸಮನಾಗಲೇಬೇಕು. ಕೊಂಚ ಸೋರಿದರೂ ಚಿಪ್ಪುಗಳನ್ನು ಇನ್ನೂ ತೆಳುವಾಗಿ ಸೀಳಬೇಕು. ಯಾವುದೋ ನಕ್ಷತ್ರದಲ್ಲಿ ಇಷ್ಟು ಕಬ್ಬಿಣವಿದೆ ಎಂದು ಓದಿದಾಗ ನಾವು ಮೊದಲು ಕೇಳಬೇಕಾದ ಪ್ರಶ್ನೆ, ಅದರ ಹಿಂದಿನ ಲೆಕ್ಕ ಇಂಥ ಪರೀಕ್ಷೆಯಲ್ಲಿ ಗೆದ್ದಿದೆಯೇ ಎಂಬುದು.