ನಿಮಗಿದು ಗೊತ್ತೇ? ಆಟದ ಕಾರಿನ ಓಟದ ಹೊತ್ತು

ರಿಮೋಟ್ ಕಾರಿನ ಬ್ಯಾಟರಿಯ ಮೇಲೆ 5000 ಎಂಎಎಚ್ ಎಂದು ಬರೆದಿದ್ದರೆ, 5 ಆಂಪಿಯರ್ ಕರೆಂಟನ್ನು ಒಂದು ಗಂಟೆ ಕೊಡುವಷ್ಟು ಸರಕು ಒಳಗಿದೆ ಎಂದರ್ಥ. ಕಾರು ಸರಾಸರಿ 20 ಆಂಪಿಯರ್ ಎಳೆದರೆ ಕಾಲು ಗಂಟೆಗೆ ಆಟ ಮುಗಿಯಿತು. 10 ಆಂಪಿಯರ್ ಸಾಕೆಂದರೆ ಅರ್ಧ ಗಂಟೆ. ಓಟದ ಹೊತ್ತಿನ ಲೆಕ್ಕ ಇಷ್ಟೇ. ಬ್ಯಾಟರಿ ದೊಡ್ಡದು ಮಾಡಿಕೊಳ್ಳುವುದು ದುಡ್ಡಿನ ದಾರಿ, ಎಳೆತ ತಗ್ಗಿಸುವುದು ಬುದ್ಧಿಯ ದಾರಿ. ಅಂಗಡಿಯವರು ಹೇಳಿಕೊಡುವುದು ಮೊದಲನೆಯದನ್ನೇ.

ಸಿಕ್ಕಿಹಾಕಿಕೊಂಡು ನಿಂತ ಕಾರು ಓಡುವ ಕಾರಿಗಿಂತ ಎಷ್ಟೋ ಪಾಲು ಹೆಚ್ಚು ಕರೆಂಟ್ ನುಂಗುತ್ತದೆ. ತಿರುಗುತ್ತಿರುವ ಮೋಟಾರು ತಾನೇ ಒಂದು ಎದುರು ವೋಲ್ಟೇಜ್ ಹುಟ್ಟಿಸಿ ಬ್ಯಾಟರಿಯಿಂದ ಬರುವ ಕರೆಂಟನ್ನು ತಡೆಯುತ್ತದೆ. ತಿರುಗದಿದ್ದರೆ ಆ ತಡೆಯೇ ಇಲ್ಲ. ಹವ್ಯಾಸಿಗಳ ಕಾರಿನಲ್ಲಿ ಕಾಣುವ 540 ಅಳತೆಯ ಸಾಧಾರಣ ಮೋಟಾರಿಗೆ ಹೊರೆಯಿಲ್ಲದಾಗ ಎರಡು ಮೂರು ಆಂಪಿಯರ್ ಸಾಕು. ಚಕ್ರ ಕಲ್ಲಿನ ಸಂದಿಗೆ ಸಿಕ್ಕಿ ನಿಂತಾಗ ಅದೇ ಮೋಟಾರು 50 ಆಂಪಿಯರ್ ದಾಟಿಬಿಡುತ್ತದೆ. ಕಾರು ಸಿಕ್ಕಿಕೊಂಡರೆ ಬೆರಳು ಒತ್ತಿ ಜಗ್ಗಿಸಬೇಡಿ, ನಡೆದುಹೋಗಿ ಎತ್ತಿ.

ಮೋಟಾರು ತನ್ನ ಪೂರ್ತಿ ಶಕ್ತಿ (ಪವರ್) ತೋರಿಸುವುದು ಯಾವಾಗ? ಹೊರೆಯಿಲ್ಲದ ವೇಗದ ಸುಮಾರು ಅರ್ಧಕ್ಕೆ ಬಂದಾಗ. ಆದರೆ ಆ ಹಂತದಲ್ಲಿ ಅದಕ್ಕೆ ಉಣಿಸಿದ ವಿದ್ಯುತ್ತಿನಲ್ಲಿ ಅರ್ಧಕ್ಕೂ ಹೆಚ್ಚು ಬರೀ ಬಿಸಿಯಾಗಿ ಹೋಗುತ್ತದೆ. ಹಗುರವಾಗಿ, ಜೋರಾಗಿ ತಿರುಗುವ ಮೋಟಾರೇ ಮಿತವ್ಯಯಿ.

ಹಾಗಾಗಿ ಹೊತ್ತು ಹೆಚ್ಚಿಸುವ ಅತಿ ಅಗ್ಗದ ಬಿಡಿಭಾಗ ಬ್ಯಾಟರಿ ಅಲ್ಲ, ಪಿನಿಯನ್. ಮೋಟಾರಿನ ತುದಿಗೆ ಕೂರುವ ಆ ಪುಟ್ಟ ಹಲ್ಲುಚಕ್ರದಲ್ಲಿ ಎರಡು ಹಲ್ಲು ಕಡಿಮೆ ಮಾಡಿದರೆ ಕಾರಿನ ತುದಿವೇಗ ಸ್ವಲ್ಪ ಇಳಿಯುತ್ತದೆ, ಮೋಟಾರಿನ ಹೊರೆ ತಗ್ಗುತ್ತದೆ, ಬ್ಯಾಟರಿ ನಿಧಾನಕ್ಕೆ ಖಾಲಿಯಾಗುತ್ತದೆ. ತಿರುವುಗಳೇ ತುಂಬಿರುವ ಸಣ್ಣ ಅಂಗಳದಲ್ಲಿ ಆ ತುದಿವೇಗ ಮುಟ್ಟಲು ಜಾಗವಾದರೂ ಎಲ್ಲಿರುತ್ತದೆ? ಪಿನಿಯನ್ ಬದಲಿಸಿದ ಮೇಲೆ, ಅದು ತಿರುಗಿಸುವ ದೊಡ್ಡ ಹಲ್ಲುಚಕ್ರವಾದ ಸ್ಪರ್ ಗೇರಿನ ಜೊತೆ ಅದರ ಹೊಂದಿಕೆ ನೋಡಿ. ಹಲ್ಲುಗಳ ನಡುವೆ ತೆಳು ಕಾಗದದ ಚೂರು ಇಟ್ಟು ಮೋಟಾರು ಬಿಗಿದು, ಆಮೇಲೆ ಕಾಗದ ತೆಗೆಯುವುದು ಹಳೆಯ ರೂಢಿ. ತೀರಾ ಒತ್ತಿ ಕೂರಿಸಿದರೆ ಉಳಿಸಿದ ಕರೆಂಟೆಲ್ಲ ತಿಕ್ಕಾಟಕ್ಕೇ ಖರ್ಚು.

ಗಾಳಿಯ ತಡೆಯನ್ನು ಗೆಲ್ಲಲು ಬೇಕಾದ ಶಕ್ತಿ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ. ವೇಗ ಎರಡರಷ್ಟಾದರೆ ಗಾಳಿಗೆ ಕಟ್ಟುವ ತೆರಿಗೆ ಎಂಟರಷ್ಟು.

ಹುಲ್ಲಿನದು ಬೇರೆಯೇ ಕಥೆ. ಡಾಂಬರಿನ ಮೇಲೆ ಚೆನ್ನಾಗಿ ಓಡುತ್ತಿದ್ದ ಕಾರು ಎತ್ತರದ ಹುಲ್ಲಿಗೆ ಇಳಿದರೆ ಹೊತ್ತು ಕರಗುವುದಲ್ಲದೆ ಮೋಟಾರು ಮುಟ್ಟಲಾಗದಷ್ಟು ಕಾಯುತ್ತದೆ. ಅಚ್ಚಿಗೆ ಸುತ್ತಿಕೊಂಡ ಕೂದಲು, ದಾರ, ಹುಲ್ಲಿನೆಳೆ ಕಿತ್ತು ತೆಗೆಯುವುದೂ ಚಾರ್ಜಿಗೆ ಸಮ. ಅಗ್ಗದ ಕಿಟ್‌ಗಳಲ್ಲಿ ಚಕ್ರದ ಅಚ್ಚು ಪ್ಲಾಸ್ಟಿಕ್ ಬುಷ್‌ಗಳಲ್ಲಿ ತಿರುಗುತ್ತದೆ. ಅವನ್ನು ತೆಗೆದು ಬಾಲ್ ಬೇರಿಂಗ್ ಹಾಕಿದರೆ ವೇಗ, ಹೊತ್ತು ಎರಡೂ ಒಟ್ಟಿಗೆ ಏರುತ್ತವೆ. ಒಂದನ್ನು ಕೊಟ್ಟು ಇನ್ನೊಂದನ್ನು ಪಡೆಯಬೇಕಾಗಿಲ್ಲದ ಬದಲಾವಣೆ ಈ ಹವ್ಯಾಸದಲ್ಲಿ ಬಲು ಅಪರೂಪ.

1980ರ ದಶಕದ ಎಷ್ಟೋ ಕಾರುಗಳು ನಿಧಾನವಾಗಿ ಓಡಿದಾಗಲೂ ಬ್ಯಾಟರಿ ಸುಡುತ್ತಿದ್ದವು! ಆಗಿನ ವೇಗ ನಿಯಂತ್ರಕ ಎಂದರೆ ಸರ್ವೋ ಎಂಬ ಪುಟ್ಟ ಮೋಟಾರು ತಳ್ಳುವ ಒಂದು ಸ್ವಿಚ್ಚು, ಜೊತೆಗೊಂದು ಸೆರಾಮಿಕ್ ರೆಸಿಸ್ಟರ್. ಅರೆವೇಗಕ್ಕೆ ಬೇಡದ ವಿದ್ಯುತ್ತನ್ನು ರೆಸಿಸ್ಟರ್ ಕಾದು ಕಾದು ಗಾಳಿಗೆ ಬಿಡುತ್ತಿತ್ತು. ಈಗಿನ ಎಲೆಕ್ಟ್ರಾನಿಕ್ ನಿಯಂತ್ರಕ ಸೆಕೆಂಡಿಗೆ ಸಾವಿರಾರು ಸಲ ಕರೆಂಟನ್ನು ಹಚ್ಚಿ ಆರಿಸಿ ವೇಗ ತಗ್ಗಿಸುತ್ತದೆ, ಆದ್ದರಿಂದ ವ್ಯರ್ಥವಾಗುವುದು ಕಡಿಮೆ. ಜಪಾನಿನ ತಮಿಯಾ ಕಂಪನಿ 1984ರಲ್ಲಿ ತಂದ ಎರಡು ಜನಪ್ರಿಯ ಬಗ್ಗಿಗಳಲ್ಲಿ ಹಾರ್ನೆಟ್‌ಗೆ 540 ಮೋಟಾರಿದ್ದರೆ, ಗ್ರಾಸ್‌ಹಾಪರ್‌ಗೆ ಅದಕ್ಕಿಂತ ಸಣ್ಣ 380. ಹುಡುಗರೆಲ್ಲ ಬಯಸಿದ್ದು ಹಾರ್ನೆಟ್ಟನ್ನು. ಬ್ಯಾಟರಿಗೆ ಹಿತವಾಗಿದ್ದದ್ದು ಗ್ರಾಸ್‌ಹಾಪರ್.

ಅದೇ ತಮಿಯಾ ಕಂಪನಿಯ ಇನ್ನೊಂದು ಸಂಗತಿ. ಜಗತ್ತಿನ ಮಾದರಿ ಟ್ಯಾಂಕ್‌ಗಳು ಹೆಚ್ಚಾಗಿ 1:35 ಅಳತೆಯಲ್ಲಿರಲು ಕಾರಣ ಬ್ಯಾಟರಿ! 1960ರ ದಶಕದ ಆರಂಭದಲ್ಲಿ ಮೋಟಾರಿನಿಂದ ಓಡುವ ಪ್ಯಾಂಥರ್ ಟ್ಯಾಂಕ್ ಮಾಡುವಾಗ ಎರಡು ಡ್ರೈ ಸೆಲ್ ಹಿಡಿಸುವಷ್ಟು ದೊಡ್ಡದಾಗಿ ಮಾಡಿದರು. ಆಮೇಲೆ ಅಳೆದು ನೋಡಿದರೆ ಅದು ಅಸಲಿ ಟ್ಯಾಂಕಿನ 35ನೇ ಒಂದು ಭಾಗದಷ್ಟಿತ್ತು.

ನಿಕಲ್ ಕ್ಯಾಡ್ಮಿಯಂ ಬ್ಯಾಟರಿಯನ್ನು 1899ರಲ್ಲಿ ಸ್ವೀಡನ್ನಿನ ವಾಲ್ಡೆಮಾರ್ ಯುಂಗ್ನರ್ ಕಂಡುಹಿಡಿದರು. ಮುಂದೆ ಆರ್‌ಸಿ, ಅಂದರೆ ರೇಡಿಯೋ ನಿಯಂತ್ರಿತ ಕಾರುಗಳ, ರೇಸ್‌ಗಳನ್ನು ಆಳಿದ್ದೂ ಈ ಜಾತಿಯೇ. ಎಲೆಕ್ಟ್ರಿಕ್ ಕಾರಿನ ಸ್ಪರ್ಧೆಗಳಲ್ಲಿ 8 ನಿಮಿಷದ ಓಟ ಪ್ರಸಿದ್ಧ, 1:12 ಅಳತೆಯ ಕಾರುಗಳಿಗಂತೂ ಅದೇ ಗುರುತು. ಆಗಿನ ಸೆಲ್‌ಗಳಲ್ಲಿ ಎಂಟು ನಿಮಿಷ ದಾಟಿಸುವುದೇ ಅರ್ಧ ಗೆಲುವು. ಮೊದಲ ಸುತ್ತುಗಳಲ್ಲಿ ಹಾರಾಡಿದವನು ಏಳನೇ ನಿಮಿಷಕ್ಕೆ ತೆವಳುತ್ತಿದ್ದ, ಬೆರಳು ಹಿಡಿತದಲ್ಲಿಟ್ಟವನು ಪಕ್ಕದಲ್ಲೇ ಹಾದುಹೋಗುತ್ತಿದ್ದ. ಸೆಲ್‌ಗಳನ್ನು ಒಂದೊಂದಾಗಿ ಪರೀಕ್ಷಿಸಿ, ಇಂತಿಷ್ಟು ಆಂಪಿಯರ್‌ಗೆ ಇಂತಿಷ್ಟು ಸೆಕೆಂಡು ಬಾಳಿತು ಎಂದು ಚೀಟಿ ಅಂಟಿಸಿ, ಒಂದೇ ಗುಣದ ಆರನ್ನು ಜೋಡಿಸಿ ಮಾರುವುದೇ ಒಂದು ಕಸುಬಾಗಿತ್ತು. ಕಾರಣ ಸರಳ: ಸಾಲಿನಲ್ಲಿ ಕಟ್ಟಿದ ಆರರಲ್ಲಿ ಒಂದು ಸೊರಗಿದರೂ ಇಡೀ ಪ್ಯಾಕ್ ಸೊರಗುತ್ತದೆ. ಇನ್ನೂ ಮುಂದೆ ಹೋದವರು ದೊಡ್ಡ ಕೆಪಾಸಿಟರ್‌ನಿಂದ ಸೆಲ್ಲಿಗೆ ಕ್ಷಣಮಾತ್ರ ಭಾರಿ ಕರೆಂಟ್ ಹೊಡೆಸುತ್ತಿದ್ದರು. ಝ್ಯಾಪಿಂಗ್ ಎನ್ನುವ ಈ ಚಿಕಿತ್ಸೆಯಿಂದ ಒಳಗಿನ ರೋಧ ತುಸು ಇಳಿಯುತ್ತಿತ್ತು. ಮನೆಯಲ್ಲಿ ಮಾಡಿ ನೋಡುವ ಕೆಲಸ ಖಂಡಿತ ಅಲ್ಲ.

ಲಿಥಿಯಂ ಪಾಲಿಮರ್, ಅಂದರೆ ಲಿಪೋ, ಬಂದ ಮೇಲೆ ಹೊತ್ತಿನ ಆ ಪೈಪೋಟಿ ಬಹುಮಟ್ಟಿಗೆ ಮುಗಿಯಿತು. ಆದರೂ ಹಳೆಯ ನಂಬಿಕೆಯೊಂದು ಉಳಿದುಕೊಂಡಿದೆ: "ಪೂರ್ತಿ ಖಾಲಿ ಮಾಡಿಯೇ ಚಾರ್ಜಿಗೆ ಹಾಕಬೇಕು." ಅದು ನಿಕಲ್ ಕ್ಯಾಡ್ಮಿಯಂ ಕಾಲದ ಮಾತು. ಲಿಪೋ ಸೆಲ್ 3 ವೋಲ್ಟಿಗಿಂತ ಕೆಳಗಿಳಿದರೆ ಶಾಶ್ವತವಾಗಿ ಹಾಳಾಗುತ್ತದೆ. ಕೊನೆಯ ಎರಡು ನಿಮಿಷದ ಆಸೆಗೆ ಮುಂದಿನ ನೂರು ಓಟ ಕಳೆದುಕೊಳ್ಳುವ ವ್ಯಾಪಾರ ಯಾರಿಗೆ ಬೇಕು? ನಿಯಂತ್ರಕದಲ್ಲಿ ಲಿಪೋ ಕಟ್ಆಫ್ ಆನ್ ಆಗಿದೆಯೇ ಎಂದು ಮೊದಲು ನೋಡಿಕೊಳ್ಳಿ.

ಎರಡು ಸೆಲ್‌ಗಳ 7.4 ವೋಲ್ಟ್, 5000 ಎಂಎಎಚ್ ಪ್ಯಾಕ್‌ನಲ್ಲಿರುವುದು 37 ವ್ಯಾಟ್ ಅವರ್. ಮೂರು ಸೆಲ್‌ಗಳ 11.1 ವೋಲ್ಟ್, 3300 ಎಂಎಎಚ್ ಪ್ಯಾಕ್‌ನಲ್ಲಿ ಹತ್ತಿರ ಹತ್ತಿರ ಅಷ್ಟೇ, 36.6. ಮೂರು ಸೆಲ್‌ಗಳದ್ದನ್ನು ಹಾಕಿದರೆ ಕಾರು ಜೋರಾಗಿ ಓಡೀತು, ಹೆಚ್ಚು ಹೊತ್ತು ಓಡದು. ಹೊತ್ತು ಬೇಕಿದ್ದರೆ ಒಂದೇ ಬಗೆಯ, ಒಂದೇ ಮಟ್ಟಕ್ಕೆ ಚಾರ್ಜ್ ಆದ ಎರಡು ಪ್ಯಾಕ್‌ಗಳನ್ನು ಸಮಾಂತರವಾಗಿ ಜೋಡಿಸಬೇಕು. ಭಾರ ಹೆಚ್ಚುವುದರಿಂದ ಹೊತ್ತು ಸರಿಯಾಗಿ ಎರಡರಷ್ಟಾಗುವುದಿಲ್ಲ.

ಅಂದಹಾಗೆ, ಅಮೆರಿಕದಿಂದ ಮೊಮ್ಮಗನಿಗೆ ಆರ್‌ಸಿ ಕಾರು ಹೊತ್ತು ಬರುವವರೇ, ವಿಮಾನದಲ್ಲಿ ಬಿಡಿ ಲಿಥಿಯಂ ಬ್ಯಾಟರಿ ಕೈಚೀಲದಲ್ಲೇ ಇರಬೇಕು. 100 ವ್ಯಾಟ್ ಅವರ್ ಮೀರಿದರೆ ವಿಮಾನ ಕಂಪನಿಯ ಒಪ್ಪಿಗೆ ಬೇಕು.

ಪ್ಯಾಕ್ ಮೇಲಿನ 50ಸಿ, 100ಸಿ ಎಂಬ ದೊಡ್ಡಕ್ಷರಗಳಿಗೂ ಓಟದ ಹೊತ್ತಿಗೂ ನೇರ ಸಂಬಂಧವಿಲ್ಲ. ಬ್ಯಾಟರಿ ಎಷ್ಟು ರಭಸವಾಗಿ ಕರೆಂಟ್ ಬಿಟ್ಟೀತು ಎಂಬ ಹೇಳಿಕೆ ಅದು. 5000 ಎಂಎಎಚ್‌ನ 100ಸಿ ಪ್ಯಾಕ್ 500 ಆಂಪಿಯರ್ ಕೊಡಬೇಕಾಗುತ್ತದೆ! ಬೈಕ್ ಜಾಹೀರಾತಿನ ಮೈಲೇಜನ್ನು ನಂಬುವಷ್ಟೇ ಇದನ್ನೂ ನಂಬಿ.

ಓಡಿಸಿ ನಿಲ್ಲಿಸಿದ ಮೇಲೆ ಕನೆಕ್ಟರ್ ಬೆಚ್ಚಗಿದೆಯೇ? ಅಲ್ಲೇ ಸೋರಿಕೆ. ಹತ್ತು ಮಿಲಿಓಮ್‌ನಷ್ಟು ಅಲ್ಪ ರೋಧದ ಮೂಲಕ 30 ಆಂಪಿಯರ್ ಹರಿದರೆ 9 ವ್ಯಾಟ್ ಬಿಸಿಯಾಗಿ ಹೋಗುತ್ತದೆ. ಮನೆಯ ಎಲ್‌ಇಡಿ ಬಲ್ಬ್ ಉರಿಯುವುದು ಅಷ್ಟರಲ್ಲೇ. ಕಿಟ್ ಜೊತೆ ಬರುವ ಬಿಳಿ ಪ್ಲಾಸ್ಟಿಕ್ ಕನೆಕ್ಟರನ್ನು ಎಕ್ಸ್‌ಟಿ 60ರಂಥದ್ದಕ್ಕೆ ಬದಲಿಸುವುದು ಇದಕ್ಕೇ.

ಬ್ಯಾಟರಿಗೆ ಚಳಿಯೂ ಶತ್ರು. ಭೂಮಿಯಿಂದ ರೇಡಿಯೋ ಮೂಲಕ ಬೇರೆ ನೆಲದಲ್ಲಿ ಓಡಿಸಿದ ಮೊದಲ ಗಾಡಿ 1970ರಲ್ಲಿ ಚಂದ್ರನ ಮೇಲಿಳಿದ ಸೋವಿಯತ್ ಲುನೊಖೋದ್ 1. ಚಂದ್ರನ ರಾತ್ರಿ ನಮ್ಮ ಸುಮಾರು ಹದಿನಾಲ್ಕು ದಿನ. ಚಳಿಗೆ ಬ್ಯಾಟರಿ ಸಾಯದಿರಲೆಂದು ಅದು ಸೌರಫಲಕದ ಮುಚ್ಚಳ ಮುಚ್ಚಿಕೊಂಡು, ಒಳಗಿನ ಪೊಲೋನಿಯಂನ ಬಿಸಿಯಲ್ಲಿ ಮಲಗುತ್ತಿತ್ತು. ಹೀಗೆ ಹತ್ತು ತಿಂಗಳು ಬಾಳಿ ಹತ್ತು ಕಿಲೋಮೀಟರ್ ದಾಟಿತು. ಬೆಂಗಳೂರಿನ ಇಸ್ರೋ ಕೇಂದ್ರ ಇಸ್ಟ್ರಾಕ್‌ನಿಂದ ಆಜ್ಞೆ ಪಡೆಯುತ್ತಿದ್ದ ಭಾರತದ 26 ಕಿಲೋದ ಚಂದ್ರಗಾಡಿ ಪ್ರಜ್ಞಾನ್‌ಗೆ ಅಂಥ ಹೀಟರ್ ಇರಲಿಲ್ಲ. 2023ರ ಸೆಪ್ಟೆಂಬರ್ 2ರಂದು ಬ್ಯಾಟರಿ ಪೂರ್ತಿ ಚಾರ್ಜ್ ಮಾಡಿಯೇ ಅದನ್ನು ಮಲಗಿಸಿದರು; ಮತ್ತೆ ಏಳಲಿಲ್ಲ. ನೂರು ಮೀಟರ್ ದಾಟಿಯಾಗಿತ್ತು, ವಹಿಸಿದ ಕೆಲಸವೂ ಮುಗಿದಿತ್ತು. ಆಟದ ಕಾರಿಗೂ ಚಳಿ ಆಗದು: ಸೆಲ್ ತಣ್ಣಗಾದಷ್ಟೂ ಒಳರೋಧ ಏರಿ, ಇರುವ ಚಾರ್ಜೂ ಕೈಗೆ ಸಿಗುವುದಿಲ್ಲ. ಡಿಸೆಂಬರಿನ ಬೀದರಿನಲ್ಲಿ ಬೆಳಗ್ಗೆ ಓಡಿಸುವವರು ಪ್ಯಾಕನ್ನು ಜೇಬಿನಲ್ಲಿ ಬೆಚ್ಚಗಿಟ್ಟುಕೊಂಡು ಹೋಗಲಿ.

ಜಾತ್ರೆಯಲ್ಲಿ ಕೊಂಡ ಸಣ್ಣ ಕಾರಿನ ಸೆಲ್ಲಿನ ಮೇಲೆ "ಹೆವಿ ಡ್ಯೂಟಿ" ಎಂದಿದೆಯೇ? ಅದು ಸಾಮಾನ್ಯವಾಗಿ ಜಿಂಕ್ ಕ್ಲೋರೈಡ್ ಸೆಲ್, ಆಲ್ಕಲೈನ್‌ಗಿಂತ ಬಲಹೀನ. ಹೆಚ್ಚು ಕರೆಂಟ್ ಎಳೆಯುವ ಆಟಿಕೆಗೆ 1.2 ವೋಲ್ಟಿನ ನಿಕಲ್ ಮೆಟಲ್ ಹೈಡ್ರೈಡ್ ಸೆಲ್ ಇನ್ನೂ ಮೇಲು. ವೋಲ್ಟೇಜ್ ಕಡಿಮೆಯೆಂದು ಕಂಡರೂ ಕೊನೆಯವರೆಗೆ ಬಹುತೇಕ ಕುಸಿಯದೆ ನಿಲ್ಲುತ್ತದೆ. ಹಳೆಯ ಸೆಲ್ಲಿನ ಜೊತೆ ಹೊಸದನ್ನು ಬೆರೆಸಬೇಡಿ. ಬಿಸಿಲಿಗಿಟ್ಟ ಸೆಲ್ಲು ಒಂದಷ್ಟು ಹೊತ್ತು ಎದ್ದು ಕೂರುವುದು ನಿಜ, ಆದರೆ ಒಳರೋಧ ಇಳಿಯಿತಷ್ಟೇ, ಹೊಸ ಚಾರ್ಜೇನೂ ತುಂಬಿಕೊಂಡಿಲ್ಲ.

ಲಿಪೋ ಹೆಚ್ಚಾಗಿ ಕೆಡುವುದು ಓಡಿಸುವಾಗಲ್ಲ, ಅಲಮಾರಿನಲ್ಲಿ. ತುಂಬಿದ ಸೆಲ್ 4.2 ವೋಲ್ಟಿನಲ್ಲಿರುತ್ತದೆ. ಹಾಗೆಯೇ ವಾರಗಟ್ಟಲೆ ಬಿಟ್ಟರೆ, ಅದರಲ್ಲೂ ಕಲಬುರಗಿಯ ಏಪ್ರಿಲ್‌ನಂಥ ಸೆಕೆಯಲ್ಲಿ, ಶಕ್ತಿ ಕುಂದಿ ಹೊಟ್ಟೆ ಉಬ್ಬುತ್ತದೆ. ಚಾರ್ಜರಿನ ಸ್ಟೋರೇಜ್ ಆಯ್ಕೆ ಒತ್ತಿ, ಸೆಲ್ಲಿಗೆ 3.8 ವೋಲ್ಟಿನ ಆಸುಪಾಸಿಗೆ ತಂದು ತಂಪಾದ ಕಡೆ ಇಡಿ. ಉಬ್ಬಿದ ಪ್ಯಾಕನ್ನು ಒತ್ತಿ ಚಪ್ಪಟೆ ಮಾಡಿ ಮತ್ತೆ ಕಾರಿಗೆ ತುರುಕುವವರಿದ್ದಾರೆ. ಅವರಿಗೆ ಓಟದ ಹೊತ್ತಿನ ಬದಲು ಅಗ್ನಿಶಾಮಕದ ನಂಬರ್ ಹೇಳಿಕೊಡಬೇಕು. ಮನೆಯ ಕಸಕ್ಕೂ ಅದನ್ನು ಹಾಕುವಂತಿಲ್ಲ. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿಗಳನ್ನು ವಾಪಸು ಪಡೆಯುವ ಹೊಣೆ ಉತ್ಪಾದಕರದ್ದು.