ಮಾರ್ಚ್ ಬಿಸಿಲಿನ ಗುಲ್ಮಾರ್ಗ್

ಶ್ರೀನಗರದ ಬಾದಾಮವಾರಿ ತೋಟದಲ್ಲಿ ಮರಗಳು ಹೂಬಿಟ್ಟು ವಸಂತ ಬಂತೆಂದು ಸಾರುತ್ತಿದ್ದರೆ, ಅಲ್ಲಿಂದ ಸುಮಾರು 50 ಕಿ.ಮೀ. ದೂರದ ಗುಲ್ಮಾರ್ಗ್‌ನ ಇಳಿಜಾರುಗಳು ಇನ್ನೂ ಬೆಳ್ಳಗೇ ಇರುತ್ತವೆ. ಸ್ಕೀಯಿಂಗ್‌ಗೆ ಜನವರಿ, ಫೆಬ್ರುವರಿಯೇ ಸರಿ ಎನ್ನುವವರು ಬಹಳ. ಪುಡಿಹಿಮದ ಹುಚ್ಚು ಹಿಡಿದವರ ಮಟ್ಟಿಗೆ ಆ ಮಾತು ನಿಜ. ಆದರೆ ಮೊದಲ ಸಲ ಕಾಲಿಗೆ ಸ್ಕೀ ಕಟ್ಟಿಕೊಳ್ಳುವ ದಕ್ಷಿಣದವರಿಗೆ ಮಾರ್ಚ್ ತಿಂಗಳೇ ವಾಸಿ. ಬೆರಳು ಮರಗಟ್ಟುವ ಚಳಿ ಇಳಿದಿರುತ್ತದೆ; ಬಿದ್ದರೂ ಎದ್ದು ಬಿಸಿಲಿಗೆ ಮೈಯೊಡ್ಡಬಹುದು. ಬೀಳುವುದಂತೂ ಖಚಿತ!

ಈ ಕಾಲದ ಹಿಮಕ್ಕೆ ಗಡಿಯಾರವಿದೆ. ಹಗಲು ಕರಗಿದ್ದು ರಾತ್ರಿ ಹೆಪ್ಪುಗಟ್ಟಿ, ಬೆಳಗ್ಗೆ ಇಳಿಜಾರೆಲ್ಲ ಗಾಜಿನಂತೆ ಗಡುಸು. ಆಗ ಅವಸರ ಬೇಡ, ಇನ್ನೊಂದು ಲೋಟ ಉಪ್ಪುಚಹಾ ಕುಡಿಯಿರಿ. ಬಿಸಿಲೇರಿದಂತೆ ಮೇಲ್ಪದರ ಸಡಿಲಗೊಂಡು ಹರಳುಹರಳಾಗುತ್ತದೆ. ಸ್ಕೀ ಅದರೊಳಗೆ ಹೂತುಹೋಗುವುದಿಲ್ಲ, ಜಾರಿ ಕೈತಪ್ಪುವುದೂ ಇಲ್ಲ. ಮೊಣಕಾಲು ತುಸು ಬಾಗಿಸಿದರೆ ಸಲೀಸಾಗಿ ತಿರುಗುತ್ತದೆ. ವಸಂತದ ಸ್ಕೀಯಿಂಗ್‌ನ ಸುಖವೆಲ್ಲ ಇರುವುದು ಈ ಎರಡು ಮೂರು ಗಂಟೆಗಳಲ್ಲಿ. ಮಧ್ಯಾಹ್ನ ದಾಟಿದರೆ ಹಿಮ ನೀರುನೀರಾಗಿ ಕಾಲು ಎಳೆಯತೊಡಗುತ್ತದೆ.

ಪೀರ್ ಪಂಜಾಲ್ ಶ್ರೇಣಿಯಲ್ಲಿ, ಸುಮಾರು 2,650 ಮೀಟರ್ ಎತ್ತರದಲ್ಲಿರುವ ಗುಲ್ಮಾರ್ಗ್ ಹುಲ್ಲುಗಾವಲಿನಿಂದ ಗೊಂಡೋಲಾ ಎಂಬ ಕೇಬಲ್ ಕಾರು ಮೊದಲ ಹಂತದಲ್ಲಿ ಕೊಂಗ್‌ಡೂರಿಗೆ, ಎರಡನೆಯದರಲ್ಲಿ ಅಫರ್ವಟ್ ಪರ್ವತದ ಭುಜಕ್ಕೆ, ಹೆಚ್ಚುಕಡಿಮೆ 4,000 ಮೀಟರ್‌ವರೆಗೆ ಒಯ್ಯುತ್ತದೆ. ಕಲಿಯುವವರಿಗೆ ಕೆಳಗಿನ ಬಯಲೇ ಸಾಕು. ಅಫರ್ವಟ್ ನುರಿತವರ ಜಾಗ; ಅಲ್ಲಿ ಹಿಮಕುಸಿತದ ಭಯವಿದೆ. 2024ರ ಫೆಬ್ರುವರಿಯಲ್ಲಿ ರಷ್ಯಾದ ಸ್ಕೀಯರ್ ಒಬ್ಬರು ಅದಕ್ಕೆ ಬಲಿಯಾದರು. ವಸಂತದಲ್ಲೂ ಬಿಸಿಲಿಗೆ ತೊಯ್ದ ಹಿಮ ಮಧ್ಯಾಹ್ನದ ಮೇಲೆ ಜರಿಯುವುದುಂಟು.

ಹಿಮವೂ ಈಗ ಹೇಳಿದ ಕಾಲಕ್ಕೆ ಬರುತ್ತಿಲ್ಲ. 2025ರ ಖೇಲೊ ಇಂಡಿಯಾ ಚಳಿಗಾಲದ ಕ್ರೀಡಾಕೂಟದ ಇಲ್ಲಿನ ಹಂತವನ್ನು ಹಿಮದ ಕೊರತೆಯಿಂದ ಫೆಬ್ರುವರಿ ಬದಲು ಮಾರ್ಚ್‌ನಲ್ಲಿ ನಡೆಸಬೇಕಾಯಿತು. ಅಂದಹಾಗೆ, ಹಿಮವನ್ನೇ ಕಾಣದ ಕೊಡಗಿನ ಸ್ಕೀಯರ್ ಭವಾನಿ ತೆಕ್ಕಡ ನಂಜುಂಡ ಈ ಕೂಟದಲ್ಲಿ ಕರ್ನಾಟಕಕ್ಕೆ ಚಿನ್ನ ಗೆದ್ದುಕೊಟ್ಟದ್ದು ಇದೇ ಗುಲ್ಮಾರ್ಗ್‌ನಲ್ಲಿ.

ಸ್ಕೀ, ಬೂಟು ಎಲ್ಲ ಅಲ್ಲೇ ಬಾಡಿಗೆಗೆ ಸಿಗುತ್ತವೆ, ಕಲಿಸುವವರೂ ಸಿಗುತ್ತಾರೆ. ದರ ಮೊದಲೇ ಮಾತಾಡಿಕೊಳ್ಳಿ. ಕಪ್ಪು ಕನ್ನಡಕ, ಸನ್‌ಸ್ಕ್ರೀನ್ ಮರೆಯಬೇಡಿ, ಹಿಮದ ಮೇಲಿನ ಬಿಸಿಲು ಗಲ್ಲದ ಕೆಳಗೂ ಸುಡುತ್ತದೆ. ಗೊಂಡೋಲಾ ಟಿಕೆಟನ್ನು ಹೊರಡುವ ಮುನ್ನವೇ ಆನ್‌ಲೈನ್‌ನಲ್ಲಿ ಕಾದಿರಿಸಿ. ಗಾಳಿ ಜೋರಾದರೆ ಎರಡನೇ ಹಂತ ನಿಲ್ಲಿಸುತ್ತಾರೆ, ಹಾಗಾಗಿ ಒಂದು ದಿನ ಹೆಚ್ಚಿಗೆ ಇಟ್ಟುಕೊಂಡೇ ಹೋಗಿ.